ಮರಕ್ಕೆ ಹೊಡೆದ ಮೊಳೆ ಮೇಲೇರುವುದಿಲ್ಲ; ಹಾಗಾದರೆ ನಮ್ಮ ಮೂಳೆ ಉದ್ದವಾಗುವುದು ಎಲ್ಲಿಂದ?

ಪ್ರಶ್ನೆ – ಚಿಗುರು (ಒಂಬತ್ತನೆಯ ತರಗತಿ)

ಸಸ್ಯಗಳ ಅಂಗಾಂಶಗಳನ್ನೂ ಮನುಷ್ಯನ ಅಸ್ಥಿಪಂಜರವನ್ನೂ ನಾನು ಹೆಚ್ಚುಕಡಿಮೆ ಒಟ್ಟಿಗೇ ಓದುತ್ತಿದ್ದೇನೆ. ಸಸ್ಯದ ದೇಹದಲ್ಲಿ ಬೆಳವಣಿಗೆ ಎಲ್ಲೆಡೆಯೂ ನಡೆಯುವುದಿಲ್ಲ, ಬೇರು ಮತ್ತು ಕಾಂಡದ ತುದಿಗಳಲ್ಲಿರುವ, ಕೋಶಗಳು ವಿಭಜಿಸುತ್ತಲೇ ಇರುವ ವರ್ಧನ ಅಂಗಾಂಶದಿಂದ ಅದು ಉದ್ದಕ್ಕೆ ಬೆಳೆಯುತ್ತದೆ, ಆದ್ದರಿಂದ ಮರದ ಕಾಂಡಕ್ಕೆ ಒಂದು ಮೀಟರ್ ಎತ್ತರದಲ್ಲಿ ಮೊಳೆ ಹೊಡೆದರೆ ಮರ ಎಷ್ಟೇ ಎತ್ತರವಾದರೂ ಮೊಳೆ ಅದೇ ಎತ್ತರದಲ್ಲಿ ಉಳಿಯುತ್ತದೆ ಎಂದು ತರಗತಿಯಲ್ಲಿ ವಿವರಿಸಿದರು. ಅದು ನನಗೆ ಅರ್ಥವಾಯಿತು. ಅಸ್ಥಿಪಂಜರದ ಪಾಠದಲ್ಲಿ ಮಾತ್ರ, ಮಕ್ಕಳ ಉದ್ದ ಮೂಳೆಗಳ ತುದಿಗಳ ಹತ್ತಿರ ಬೆಳವಣಿಗೆ ಫಲಕ ಎಂಬ ಮೃದ್ವಸ್ಥಿಯ (ಮೂಳೆಗಿಂತ ಮೆತ್ತನೆಯ ಅಂಗಾಂಶದ) ಪದರವಿರುತ್ತದೆ, ಮೂಳೆ ಅಲ್ಲಿಂದ ಉದ್ದವಾಗುತ್ತದೆ ಎಂಬ ಒಂದೇ ವಾಕ್ಯ ಬಂದು ಹೋಯಿತು.

ಹಾಗಿದ್ದರೆ ಬೆಳವಣಿಗೆ ಫಲಕವನ್ನು ಮೂಳೆಯ ವರ್ಧನ ಅಂಗಾಂಶ ಎಂದು ತಿಳಿಯಬಹುದೇ? ಚರ್ಮ, ಯಕೃತ್ತು ಮೊದಲಾದ ಅಂಗಗಳು ಎಲ್ಲ ಭಾಗಗಳಲ್ಲಿಯೂ ಬೆಳೆಯುತ್ತವೆ ಎಂದಾದರೆ ಮೂಳೆಗೆ ಮಾತ್ರ ಏಕೆ ಈ ನಿರ್ಬಂಧ? ಹುಟ್ಟಿದ ಮಗುವಿನಲ್ಲಿ ಸುಮಾರು 300 ಮೂಳೆಗಳಿದ್ದು ವಯಸ್ಕರಲ್ಲಿ 206 ಮಾತ್ರ ಇರುತ್ತವೆ ಎಂಬುದೂ ನನಗೆ ಬಗೆಹರಿದಿಲ್ಲ. ಬೆಳೆಯುವ ದೇಹದಲ್ಲಿ ಮೂಳೆಗಳ ಸಂಖ್ಯೆ ಹೆಚ್ಚಬೇಕಿತ್ತಲ್ಲವೇ? ಪರೀಕ್ಷೆಗೆ ಬೇಕಾದ ಎರಡು ವಾಕ್ಯಗಳಿಗಿಂತ ಸ್ವಲ್ಪ ಹೆಚ್ಚಾಗಿಯೇ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1 – ಬೇರುಬಿಳಲು (ಸಸ್ಯಶಾಸ್ತ್ರ ಬೋಧನೆ)

ನೀವು ಹೇಳಿದ ಮೊಳೆಯ ಪರೀಕ್ಷೆಯನ್ನು ಮೂಳೆಯ ಮೇಲೆಯೂ ಮಾಡಿ ನೋಡಿದವರಿದ್ದಾರೆ, ಮತ್ತು ಸಸ್ಯ, ಮೂಳೆ ಎರಡರ ಮೇಲೂ ಅದನ್ನು ಮಾಡಿದವರು ಒಬ್ಬರೇ ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಅವರು ದ್ರಾಕ್ಷಿಬಳ್ಳಿಯ ಎಳೆಯ ಚಿಗುರಿನ ಮೇಲೆ ಸಮಾನ ಅಂತರಗಳಲ್ಲಿ ಬಣ್ಣದ ಚುಕ್ಕೆಗಳನ್ನಿಟ್ಟು, ಚಿಗುರು ಬೆಳೆದು ನಿಂತ ಮೇಲೆ ಚುಕ್ಕೆಗಳ ನಡುವಿನ ದೂರವನ್ನು ಅಳೆದರು. ಗುರುತು ಹಾಕುವಾಗಲೇ ಬಲಿತಿದ್ದ ಭಾಗದಲ್ಲಿ ಚುಕ್ಕೆಗಳು ಹೆಚ್ಚುಕಡಿಮೆ ಇದ್ದಲ್ಲಿಯೇ ಇದ್ದವು. ಎಳೆಯದಾಗಿದ್ದ ಭಾಗದಲ್ಲಿ ಅವು ಬಹಳ ದೂರ ಸರಿದಿದ್ದವು. ಅದೇ ಹೇಲ್ಸ್ ಅರ್ಧ ಬೆಳೆದ ಕೋಳಿಮರಿಯೊಂದರ ಎರಡು ಇಂಚು ಉದ್ದದ ಕಾಲಿನ ಮೂಳೆಯಲ್ಲಿ ಅರ್ಧ ಇಂಚು ಅಂತರದಲ್ಲಿ ಎರಡು ಸಣ್ಣ ರಂಧ್ರಗಳನ್ನು ಕೊರೆದರು. ಎರಡು ತಿಂಗಳ ನಂತರ ನೋಡಿದಾಗ ಮೂಳೆ ಒಂದು ಇಂಚು ಉದ್ದವಾಗಿತ್ತು, ಆದರೆ ರಂಧ್ರಗಳ ಗುರುತುಗಳ ನಡುವೆ ಅದೇ ಅರ್ಧ ಇಂಚಿನ ಅಂತರ ಉಳಿದಿತ್ತು. 1727ರಲ್ಲಿ ಅವರು ಇವೆರಡನ್ನೂ ಒಂದೇ ಪುಸ್ತಕದಲ್ಲಿ ವರದಿ ಮಾಡಿದರು. ಮುಂದೆ ಅದೇ ಶತಮಾನದಲ್ಲಿ ಜಾನ್ ಹಂಟರ್ ಎಂಬ ಶಸ್ತ್ರವೈದ್ಯರು ಹಂದಿಯ ಕಾಲಿನ ಮೂಳೆಯಲ್ಲಿ ಸೀಸದ ಗುಂಡುಗಳನ್ನಿರಿಸಿ ಇದೇ ಫಲಿತಾಂಶವನ್ನು ಕಂಡರು.

ಇನ್ನು ಕಾರಣಕ್ಕೆ ಬರೋಣ. ಯಕೃತ್ತಿನಂತಹ ಮೆತ್ತನೆಯ ಅಂಗದಲ್ಲಿ ಒಂದು ಕೋಶ ಎರಡಾದರೆ ಸುತ್ತಲಿನ ಕೋಶಗಳು ಸ್ವಲ್ಪ ಸರಿದು ಜಾಗ ಕೊಡುತ್ತವೆ, ಹೀಗಾಗಿ ಇಡೀ ಅಂಗ ಒಳಗಿನಿಂದಲೇ ಹಿಗ್ಗಬಲ್ಲದು. ಬಲಿತ ಮೂಳೆಯ ಕೋಶವಾದರೋ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಗಟ್ಟಿಯಾದ ವಸ್ತುವಿನ ನಡುವೆ ಒಂದು ಚಿಕ್ಕ ಗೂಡಿನಲ್ಲಿ ಸೆರೆಯಾಗಿರುತ್ತದೆ. ಬಲಿತ ಮರದ ಕೋಶವೂ ಲಿಗ್ನಿನ್ ಎಂಬ ಗಡಸು ವಸ್ತು ತುಂಬಿದ ದಪ್ಪ ಗೋಡೆಯೊಳಗೆ ಇರುತ್ತದೆ. ನೀರು ಸಾಗಿಸುವ ಕ್ಸೈಲಮ್ ನಾಳಗಳಂತೂ ಬಲಿಯುವ ವೇಳೆಗೆ ಸತ್ತೇ ಹೋಗಿರುತ್ತವೆ. ಇಂತಹ ಗಟ್ಟಿ ವಸ್ತು ಒಳಗಿನಿಂದ ಹಿಗ್ಗಲಾರದು. ಕಟ್ಟಿದ ಇಟ್ಟಿಗೆ ಗೋಡೆಯನ್ನು ಎತ್ತರಿಸಬೇಕಾದರೆ ಮೇಲೆ ಹೊಸ ಸಾಲನ್ನೇ ಇಡಬೇಕೇ ಹೊರತು ನಡುವಿನ ಇಟ್ಟಿಗೆಗಳನ್ನು ಹಿಗ್ಗಿಸಲಾಗುವುದಿಲ್ಲವಲ್ಲ, ಹಾಗೆಯೇ ಇಲ್ಲಿಯೂ ಬೆಳವಣಿಗೆಗೆಂದು ಎಲ್ಲಾದರೂ ಒಂದು ಕಡೆ ಮೆತ್ತನೆಯ, ವಿಭಜನೆಯ ಶಕ್ತಿಯುಳ್ಳ ವಲಯವನ್ನು ಉಳಿಸಿಕೊಳ್ಳಬೇಕಾಗುತ್ತದೆ. ಸಸ್ಯದಲ್ಲಿ ಆ ವಲಯ ವರ್ಧನ ಅಂಗಾಂಶ, ಉದ್ದ ಮೂಳೆಯಲ್ಲಿ ಬೆಳವಣಿಗೆ ಫಲಕ. ಆದ್ದರಿಂದ ನಿಮ್ಮ ಹೋಲಿಕೆ ಸರಿಯಾದ ದಾರಿಯಲ್ಲಿಯೇ ಇದೆ. ಎರಡು ಬಗೆಯ ಜೀವಿಗಳು ಗಟ್ಟಿಯಾದ ಆಧಾರವನ್ನು ಕಟ್ಟಿಕೊಳ್ಳುವಾಗ ಎದುರಾದ ಒಂದೇ ಸಮಸ್ಯೆಗೆ ಒಂದೇ ರೀತಿಯ ಪರಿಹಾರವನ್ನು ಬೇರೆಬೇರೆಯಾಗಿ ಪಡೆದುಕೊಂಡಿವೆ.

ಪಠ್ಯಗಳಲ್ಲಿ ಹೆಚ್ಚಾಗಿ ಮಸುಕಾಗಿಯೇ ಉಳಿಯುವ ಇನ್ನೊಂದು ಅಂಶವನ್ನು ನೀವು ಗಮನಿಸಬೇಕು. ಬೇರು ಉದ್ದವಾಗುವುದಕ್ಕೆ ಕೋಶ ವಿಭಜನೆಯೊಂದೇ ಸಾಕಾಗುವುದಿಲ್ಲ. ಬೇರಿನ ತುದಿಗೆ ಬೇರುಟೋಪಿಯ ರಕ್ಷಣೆಯಿದೆ. ಅದರ ಹಿಂದೆ ಕೋಶಗಳು ವಿಭಜಿಸುವ ವಲಯವಿದೆ. ಅದರ ಹಿಂದಿನ ಕೆಲವೇ ಮಿಲಿಮೀಟರ್‌ಗಳಲ್ಲಿ ಕೋಶಗಳು ನೀರನ್ನು ಹೀರಿಕೊಂಡು, ಒಳಗಿನ ರಸ ತುಂಬಿದ ಚೀಲವಾದ ರಸದಾನಿ ದೊಡ್ಡದಾಗಿ, ಉದ್ದಕ್ಕೆ ಹಿಗ್ಗುತ್ತವೆ. ಅದಕ್ಕೂ ಹಿಂದೆ ಅವು ಬಲಿತು ಬೇರುರೋಮ, ಕ್ಸೈಲಮ್, ಆಹಾರ ಸಾಗಿಸುವ ಫ್ಲೋಯಮ್ ಮೊದಲಾದವುಗಳಾಗಿ ರೂಪುಗೊಳ್ಳುತ್ತವೆ. ವಿಭಜನೆಯಿಂದ ಹುಟ್ಟಿದ ಕೋಶ ತೀರಾ ಚಿಕ್ಕದು. ಬೇರಿನ ತುದಿಯನ್ನು ಮಣ್ಣಿನೊಳಗೆ ನಿಜವಾಗಿ ಮುಂದಕ್ಕೆ ತಳ್ಳುವುದು ಹಿಂದಿನ ವಲಯದಲ್ಲಿ ನಡೆಯುವ ಈ ಹಿಗ್ಗುವಿಕೆ. ಆಕ್ಸಿನ್ ಎಂಬ ಹಾರ್ಮೋನು ಕೋಶಭಿತ್ತಿ ಸಡಿಲವಾಗುವುದನ್ನು ನಿಯಂತ್ರಿಸಿ ಈ ಹಿಗ್ಗುವಿಕೆಯನ್ನು ಹತೋಟಿಯಲ್ಲಿಡುತ್ತದೆ. ಹಾಗಿದ್ದರೂ ತುದಿಯನ್ನು ಕತ್ತರಿಸಿ ಹಾಕಿದರೆ, ಈರುಳ್ಳಿಯ ಬೇರಿನ ಪ್ರಯೋಗದಲ್ಲಿ ನೀವು ಓದಿರುವಂತೆ, ಆ ಬೇರಿನ ಬೆಳವಣಿಗೆ ನಿಂತುಹೋಗುತ್ತದೆ, ಏಕೆಂದರೆ ಹಿಗ್ಗುವುದಕ್ಕೆ ಬೇಕಾದ ಹೊಸ ಕೋಶಗಳನ್ನು ಒದಗಿಸುವ ಮೂಲವೇ ಅಲ್ಲಿ ಉಳಿದಿರುವುದಿಲ್ಲ. ಮೂಳೆಯ ಕಡೆಯ ವಿವರವನ್ನು ಆ ವಿಷಯ ಬಲ್ಲವರು ಬರೆದರೆ ಒಳ್ಳೆಯದು.

ಉತ್ತರ 2 – ಅಂಗರಚನೆ (ವೈದ್ಯಕೀಯ ಅಧ್ಯಾಪನ)

ಮೇಲಿನ ಉತ್ತರದಲ್ಲಿ ಬೇರಿನ ವಲಯಗಳನ್ನು ವಿವರಿಸಿದ ಕ್ರಮದಲ್ಲಿಯೇ ಬೆಳವಣಿಗೆ ಫಲಕವನ್ನೂ ವಿವರಿಸಬಹುದು. ಸೂಕ್ಷ್ಮದರ್ಶಕದಲ್ಲಿ ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ವಿದ್ಯಾರ್ಥಿ ಆ ಸಾಮ್ಯವನ್ನು ಮರೆಯಲಾರ. ಮೂಳೆಯ ತುದಿಯ ಕಡೆಯಿಂದ ಹೊರಟರೆ ಮೊದಲು ಸಿಗುವುದು ಹೆಚ್ಚು ಚಟುವಟಿಕೆಯಿಲ್ಲದ ಮೀಸಲು ಮೃದ್ವಸ್ಥಿ ಕೋಶಗಳ ಪದರ. ಅದರ ನಂತರ ಕೋಶಗಳು ವೇಗವಾಗಿ ವಿಭಜಿಸುತ್ತ, ಚಪ್ಪಟೆಯಾಗಿ, ಒಂದರ ಮೇಲೊಂದು ಕಂಬದಂತೆ ಜೋಡಣೆಯಾಗುವ ವಲಯವಿದೆ. ಆ ಬಳಿಕ ಅವೇ ಕೋಶಗಳು ಊದಿಕೊಂಡು ತಮ್ಮ ಗಾತ್ರವನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳುತ್ತವೆ. ಕೊನೆಗೆ ಅವುಗಳ ಸುತ್ತಲಿನ ವಸ್ತುವಿನಲ್ಲಿ ಕ್ಯಾಲ್ಸಿಯಂ ಲವಣಗಳು ಸೇರಿ, ಬಹುಪಾಲು ಕೋಶಗಳು ಸತ್ತು, ಆ ಜಾಗಕ್ಕೆ ರಕ್ತನಾಳಗಳೂ ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳೂ ನುಗ್ಗಿ ಹೊಸ ಮೂಳೆಯನ್ನು ಇರಿಸುತ್ತವೆ. ಇಲ್ಲಿಯೂ ಉದ್ದಕ್ಕೆ ದೊಡ್ಡ ಕೊಡುಗೆ ಕೋಶಗಳ ಊದುವಿಕೆಯಿಂದಲೇ ಬರುತ್ತದೆ. ಹೀಗೆ ಫಲಕ ತನ್ನ ದಪ್ಪವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡು, ತನ್ನ ಹಿಂದೆ ಮೂಳೆಯನ್ನು ಬಿಡುತ್ತ, ಮೂಳೆಯ ತುದಿಯನ್ನು ನಡುಭಾಗದಿಂದ ದೂರ ತಳ್ಳುತ್ತ ಹೋಗುತ್ತದೆ.

ಒಂದು ಮೂಳೆಯ ಎರಡು ತುದಿಗಳೂ ಸಮಾನವಾಗಿ ಬೆಳೆಯುವುದಿಲ್ಲ. ತೊಡೆಮೂಳೆಯ ಉದ್ದದ ಸುಮಾರು ಶೇ. 70ರಷ್ಟು ಬೆಳವಣಿಗೆ ಮೊಣಕಾಲಿನ ಬಳಿಯ ಫಲಕದಿಂದ ಬರುತ್ತದೆ. ತೋಳಿನ ಮೇಲ್ಭಾಗದ ಮೂಳೆಯಲ್ಲಿ ಸುಮಾರು ಶೇ. 80ರಷ್ಟು ಭುಜದ ಕಡೆಯ ಫಲಕದಿಂದ ಬರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಮೊಣಕಾಲಿನ ಬಳಿ ಮೂಳೆ ಮುರಿದರೆ ವೈದ್ಯರು ವಿಶೇಷ ಎಚ್ಚರಿಕೆ ವಹಿಸುವುದು ಈ ಕಾರಣದಿಂದ. ಅಲ್ಲಿನ ಫಲಕಕ್ಕೆ ಪೆಟ್ಟಾದರೆ ಒಂದು ಕಾಲು ಗಿಡ್ಡವಾಗಿ ಉಳಿಯುವ ಅಥವಾ ವಾರೆಯಾಗಿ ಬೆಳೆಯುವ ಅಪಾಯವಿದೆ.

ಮೂಳೆ ದಪ್ಪವಾಗುವುದು ಬೇರೆಯದೇ ಜಾಗದಲ್ಲಿ, ಮತ್ತು ಅಲ್ಲಿ ಸಸ್ಯದೊಂದಿಗಿನ ಹೋಲಿಕೆ ಇನ್ನೂ ಹತ್ತಿರದ್ದು. ಮೂಳೆಯನ್ನು ಪೆರಿಯಾಸ್ಟಿಯಂ ಎಂಬ ಪೊರೆ ಹೊರಗಿನಿಂದ ಸುತ್ತುವರಿದಿರುತ್ತದೆ. ಅದರ ಒಳಪದರದ ಕೋಶಗಳು ಮೂಳೆಯ ಮೇಲ್ಮೈಗೆ ಹೊಸ ಪದರಗಳನ್ನು ಸೇರಿಸುತ್ತವೆ. 1736ರಲ್ಲಿ ಲಂಡನ್ನಿನ ಜಾನ್ ಬೆಲ್ಚಿಯರ್ ಎಂಬ ಶಸ್ತ್ರವೈದ್ಯರು, ನಮ್ಮ ಮಂಜಿಷ್ಠದ ಕುಲಕ್ಕೆ ಸೇರಿದ ಒಂದು ಬಣ್ಣದ ಗಿಡದ ಅಂಶವನ್ನು ತಿಂದ ಪ್ರಾಣಿಗಳ ಮೂಳೆಗಳು ಕೆಂಪಾಗುವುದನ್ನು ವರದಿ ಮಾಡಿದರು. ಫ್ರಾನ್ಸಿನ ದ್ಯುಹಾಮೆಲ್ ದ್ಯು ಮೊನ್ಸೋ ಅದನ್ನು ಮುಂದುವರಿಸಿ, ಪ್ರಾಣಿಗಳಿಗೆ ಆ ಬೇರನ್ನು ಕೆಲವು ಕಾಲ ಕೊಟ್ಟು, ಕೆಲವು ಕಾಲ ನಿಲ್ಲಿಸಿ, ಮೂಳೆಯಲ್ಲಿ ಕೆಂಪು ಮತ್ತು ಬಿಳಿ ಪದರಗಳು ಒಂದಾದ ಮೇಲೊಂದು ಮೂಡುವುದನ್ನು ತೋರಿಸಿದರು. ಬೆಳ್ಳಿಯ ತಂತಿಯನ್ನು ಮೂಳೆಯ ಸುತ್ತ ಕಟ್ಟಿ, ಕೆಲವು ಕಾಲದ ಬಳಿಕ ಅದು ಹೊಸ ಮೂಳೆಯಿಂದ ಮುಚ್ಚಿಹೋಗಿರುವುದನ್ನೂ ಕಂಡರು. ಅವರು ಮರಗಳ ಅಧ್ಯಯನದಲ್ಲಿಯೂ ದೊಡ್ಡ ಹೆಸರು. ಹೀಗಾಗಿ ಮರದ ತೊಗಟೆಯ ಒಳಗಿನಿಂದ ಪ್ರತಿ ವರ್ಷ ಹೊಸ ಪದರ ಸೇರುವಂತೆಯೇ ಮೂಳೆಗೂ ಪೊರೆಯ ಒಳಗಿನಿಂದ ಪದರ ಸೇರುತ್ತದೆ ಎಂದು ಅವರು ವಾದಿಸಿದರು. ಮರದಲ್ಲಿ ತೊಗಟೆಯ ಒಳಗಿದ್ದು ಹೊಸ ಕಟ್ಟಿಗೆಯನ್ನು ಬೆಳೆಸುವ ಪದರದ ಹೆಸರು ಕ್ಯಾಂಬಿಯಂ; ಪೆರಿಯಾಸ್ಟಿಯಂನ ಒಳಪದರವನ್ನೂ ಇಂದಿಗೂ ಅಂಗರಚನಾಶಾಸ್ತ್ರದಲ್ಲಿ ಕ್ಯಾಂಬಿಯಂ ಪದರ ಎಂದೇ ಕರೆಯುತ್ತಾರೆ.

ಸಾಮ್ಯ ಮುಗಿಯುವುದು ಇಲ್ಲಿಯೇ. 19ನೆಯ ಶತಮಾನದಲ್ಲಿ ಫ್ರಾನ್ಸಿನ ಪಿಯರ್ ಫ್ಲೂರಾನ್ಸ್ ಪ್ಲಾಟಿನಂ ತಂತಿಯ ಬಳೆಗಳಿಂದ ಇದೇ ಪ್ರಯೋಗವನ್ನು ಮಾಡಿದಾಗ, ಹೊರಗೆ ತೊಡಿಸಿದ ಬಳೆ ಕಾಲಾಂತರದಲ್ಲಿ ಮೂಳೆಯ ಒಳಗಿನ ಮಜ್ಜೆಯ ಕುಹರದಲ್ಲಿ ಸಿಕ್ಕಿತು. ಬಳೆ ಎಲ್ಲಿಗೂ ಚಲಿಸಿರಲಿಲ್ಲ. ಹೊರಗಿನಿಂದ ಹೊಸ ಮೂಳೆ ಸೇರುತ್ತಿದ್ದಂತೆ ಒಳಗಿನಿಂದ ಹಳೆಯ ಮೂಳೆಯನ್ನು ಆಸ್ಟಿಯೋಕ್ಲಾಸ್ಟ್ ಕೋಶಗಳು ಕರಗಿಸುತ್ತ ಬಂದಿದ್ದವು. ಮರದಲ್ಲಿ ಹೀಗಾಗುವುದಿಲ್ಲ, ಒಳಗೆ ಹೂತುಹೋದ ಮೊಳೆ ಮರವಿರುವಷ್ಟು ಕಾಲವೂ ಆ ವರ್ಷದ ಉಂಗುರದಲ್ಲಿಯೇ ಇರುತ್ತದೆ, ಏಕೆಂದರೆ ಮರ ತನ್ನ ಹಳೆಯ ಕಟ್ಟಿಗೆಯನ್ನು ಕರಗಿಸಿ ಮತ್ತೆ ಬಳಸುವುದಿಲ್ಲ. ಉದ್ದ ಮೂಳೆ ಕೊಳವೆಯಂತೆ ಪೊಳ್ಳಾಗಿ, ಹಗುರವಾಗಿದ್ದೂ ಬಲವಾಗಿರಲು ಸಾಧ್ಯವಾಗಿರುವುದು ಈ ಕರಗಿಸುವ ಕೆಲಸದಿಂದ.

300 ಮತ್ತು 206ರ ವಿಷಯವನ್ನು ಹೀಗೆ ಅರ್ಥಮಾಡಿಕೊಳ್ಳಿ. ಮಗುವಿನ ಒಂದು ಉದ್ದ ಮೂಳೆಯಲ್ಲಿ ನಡುಭಾಗ ಬೇರೆ, ತುದಿಗಳು ಬೇರೆಯಾಗಿ ಮೂಳೆಯಾಗುತ್ತ ಹೋಗುತ್ತವೆ, ನಡುವೆ ಮೃದ್ವಸ್ಥಿಯ ಫಲಕವಿರುತ್ತದೆ. ಫಲಕ ಮೂಳೆಯಾಗಿ ಮಾರ್ಪಟ್ಟಾಗ ಆ ತುಂಡುಗಳೆಲ್ಲ ಸೇರಿ ಒಂದೇ ಮೂಳೆಯಾಗುತ್ತವೆ. ಬೆನ್ನುಮೂಳೆಯ ಕೆಳಭಾಗದಲ್ಲಿ ಐದು ಕಶೇರುಮಣಿಗಳು ಬೆಸೆದು ತ್ರಿಕಾಸ್ಥಿಯಾಗುತ್ತದೆ. ಸೊಂಟದ ಪ್ರತಿ ಬದಿಯಲ್ಲಿ ಮೂರು ಮೂಳೆಗಳು ಸೇರಿ ಒಂದಾಗುತ್ತದೆ. ಮಗುವಿನ ಸಂಖ್ಯೆಯನ್ನು ಕೆಲವರು 270 ಎಂದೂ ಕೆಲವರು 300 ಎಂದೂ ಬರೆಯುವುದು ಯಾವ ತುಂಡನ್ನು ಪ್ರತ್ಯೇಕವೆಂದು ಎಣಿಸಬೇಕೆಂಬುದರ ಮೇಲೆ ನಿಂತಿದೆ, ಅದಕ್ಕಾಗಿ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ವಯಸ್ಕರ 206ರಲ್ಲಿ 80 ಅಕ್ಷೀಯ ಅಸ್ಥಿಪಂಜರಕ್ಕೂ (ತಲೆ, ಬೆನ್ನು, ಎದೆಗೂಡು) 126 ಕೈಕಾಲು ಮತ್ತು ಅವುಗಳ ಆಧಾರ ಪಟ್ಟಿಗಳಿಗೂ (ಭುಜ, ಸೊಂಟ) ಸೇರಿವೆ.

ಚಿಗುರು

ಇಬ್ಬರಿಗೂ ಧನ್ಯವಾದಗಳು. ಮೊಳೆ ಮತ್ತು ಬಳೆಯ ವ್ಯತ್ಯಾಸದಿಂದ ನನಗೆ ಬಹಳಷ್ಟು ಸ್ಪಷ್ಟವಾಯಿತು. ಇನ್ನೂ ಎರಡು ಸಂದೇಹಗಳಿವೆ. ನಮ್ಮ ಫಲಕ ಮೂಳೆಯಾಗಿ ಮುಚ್ಚಿಹೋಗುತ್ತದೆ, ಆದರೆ ನೂರಾರು ವರ್ಷದ ಮರದ ತುದಿಯಲ್ಲಿ ವರ್ಧನ ಅಂಗಾಂಶ ಇನ್ನೂ ಕೆಲಸ ಮಾಡುತ್ತಿರುತ್ತದೆ, ಈ ವ್ಯತ್ಯಾಸಕ್ಕೆ ಕಾರಣವೇನು? ಹಾಗೆಯೇ ಫಲಕ ಮುಚ್ಚಿದ ಮೇಲೆ ಮೂಳೆ ಸುಮ್ಮನೆ ಇದ್ದುಬಿಡುತ್ತದೆಯೇ?

ಉತ್ತರ 3 – ಹುಲ್ಲುಗರಿ

ಮುಂದಿನ ಪ್ರಶ್ನೆಗೆ ಬೇರೆಯವರು ಉತ್ತರಿಸುವ ಮೊದಲು ಹೋಲಿಕೆಯನ್ನು ಸ್ವಲ್ಪ ತಿದ್ದಬೇಕೆಂದು ನನಗೆ ಅನ್ನಿಸುತ್ತದೆ. ಬೆಳವಣಿಗೆ ಫಲಕವನ್ನು ಕಾಂಡದ ತುದಿಯ ವರ್ಧನ ಅಂಗಾಂಶಕ್ಕೆ ಹೋಲಿಸುವುದಕ್ಕಿಂತ ಅಂತರ್‌ವರ್ಧನ ಅಂಗಾಂಶಕ್ಕೆ, ಅಂದರೆ ಬಲಿತ ಭಾಗಗಳ ನಡುವೆ ಇರುವ ವರ್ಧನ ಅಂಗಾಂಶಕ್ಕೆ ಹೋಲಿಸುವುದು ಹೆಚ್ಚು ಸರಿ. ತುದಿಯ ವರ್ಧನ ಅಂಗಾಂಶದ ಮುಂದೆ ಬಲಿತ ಭಾಗವಿರುವುದಿಲ್ಲ. ಬೆಳವಣಿಗೆ ಫಲಕವಾದರೋ ಎರಡು ಗಟ್ಟಿ ಭಾಗಗಳ ನಡುವೆ ಇದೆ, ಒಂದು ಕಡೆ ಮೂಳೆಯ ತುದಿ, ಇನ್ನೊಂದು ಕಡೆ ನಡುಭಾಗ. ಹುಲ್ಲಿನ ಜಾತಿಯ ಸಸ್ಯಗಳಲ್ಲಿ, ಬಿದಿರಿನಲ್ಲಿ ಸಹ, ಗಿಣ್ಣಿನ ಮೇಲ್ಭಾಗದಲ್ಲಿ ಇಂತಹುದೇ ವಲಯವಿದ್ದು ಮೇಲಿನ ಬಲಿತ ಭಾಗವನ್ನು ಹಾಗೆಯೇ ಎತ್ತಿಕೊಂಡು ಬೆಳೆಯುತ್ತದೆ. ಎಲೆಯ ತುದಿಯನ್ನು ದನ ಮೇದರೂ ಹುಲ್ಲು ಮತ್ತೆ ಉದ್ದವಾಗುವುದು ಎಲೆಯ ಬುಡದಲ್ಲಿರುವ ಇದೇ ಅಂಗಾಂಶದಿಂದ. ಬಿದಿರಿನ ಗಳುವಿನಲ್ಲಿ ಈ ವಲಯಗಳು ತಮ್ಮ ಕೆಲಸ ಮುಗಿಸಿ ಬಲಿತ ಮೇಲೆ ಗಳು ಮತ್ತೆ ಎತ್ತರವಾಗುವುದಿಲ್ಲ ಎಂಬುದನ್ನೂ ಸೇರಿಸಿಕೊಂಡರೆ, ಸಾಮ್ಯ ಬೆಳವಣಿಗೆ ಫಲಕಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ.

ಇದರ ಜೊತೆಗೆ, ಈ ಸಾಮ್ಯ ಕಾರ್ಯದಲ್ಲಿ ಇರುವುದೇ ಹೊರತು ವಂಶದಲ್ಲಿ ಅಲ್ಲ ಎಂಬುದನ್ನು ಬರೆದಿಟ್ಟುಕೊಳ್ಳಿ. ಸಸ್ಯಗಳಿಗೂ ಪ್ರಾಣಿಗಳಿಗೂ ಸಮಾನವಾದ ಪೂರ್ವಜ ಏಕಕೋಶ ಜೀವಿ. ಅದಕ್ಕೆ ಮೂಳೆಯೂ ಇರಲಿಲ್ಲ, ಕಾಂಡವೂ ಇರಲಿಲ್ಲ.

ಉತ್ತರ 4 – ಅಂಗರಚನೆ

ಹುಲ್ಲುಗರಿಯವರ ತಿದ್ದುಪಡಿಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಫಲಕ ಮುಚ್ಚುವುದರ ಬಗ್ಗೆ ಹೇಳುವುದಾದರೆ, ಅದನ್ನು ನಡೆಸುವ ಮುಖ್ಯ ಹಾರ್ಮೋನು ಹುಡುಗಿಯರಲ್ಲಿ ಮಾತ್ರವಲ್ಲ, ಹುಡುಗರಲ್ಲಿಯೂ ಈಸ್ಟ್ರೋಜನ್. ಹುಡುಗರ ದೇಹದಲ್ಲಿ ಟೆಸ್ಟೋಸ್ಟಿರಾನ್‌ನ ಒಂದು ಅಂಶ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಪಿಟ್ಯುಟರಿ ಗ್ರಂಥಿಯ ಬೆಳವಣಿಗೆಯ ಹಾರ್ಮೋನು ಫಲಕದ ಕೋಶಗಳನ್ನು ವಿಭಜನೆಗೆ ಪ್ರಚೋದಿಸುತ್ತದೆ. ಹರೆಯದಲ್ಲಿ ಲೈಂಗಿಕ ಹಾರ್ಮೋನುಗಳು ಮೊದಲು ಆ ವೇಗವನ್ನು ಹೆಚ್ಚಿಸುತ್ತವೆ, ನಂತರ ಅದೇ ಈಸ್ಟ್ರೋಜನ್ ಫಲಕದ ಮೀಸಲು ಕೋಶಗಳು ಬೇಗ ತೀರಿಹೋಗುವಂತೆ ಮಾಡಿ ಬೆಳವಣಿಗೆಗೆ ತೆರೆ ಎಳೆಯುತ್ತದೆ. ಇದಕ್ಕೆ ಬಲವಾದ ಸಾಕ್ಷ್ಯ 1994ರಲ್ಲಿ ಪ್ರಕಟವಾದ ಒಂದು ವರದಿಯಿಂದ ದೊರೆಯಿತು. ಈಸ್ಟ್ರೋಜನ್ನಿಗೆ ಸ್ಪಂದಿಸುವ ಗ್ರಾಹಕದಲ್ಲಿ ದೋಷವಿದ್ದ 28 ವರ್ಷದ ವ್ಯಕ್ತಿಯೊಬ್ಬರ ಬೆಳವಣಿಗೆ ಫಲಕಗಳು ಇನ್ನೂ ತೆರೆದೇ ಇದ್ದವು, ಎತ್ತರ 204 ಸೆಂಟಿಮೀಟರ್ ಆಗಿತ್ತು, ಮತ್ತು ಅವರು ಇನ್ನೂ ಬೆಳೆಯುತ್ತಲೇ ಇದ್ದರು. ಸಾಮಾನ್ಯವಾಗಿ ಹುಡುಗಿಯರ ಫಲಕಗಳು ಹುಡುಗರಿಗಿಂತ ಒಂದೆರಡು ವರ್ಷ ಮೊದಲೇ ಮುಚ್ಚುತ್ತವೆ. ಎಲ್ಲ ಮೂಳೆಗಳೂ ಒಟ್ಟಿಗೆ ಮುಚ್ಚುವುದಿಲ್ಲ. ಕತ್ತಿನ ಬುಡದ ಕೊರಳಪಟ್ಟಿ ಮೂಳೆಯ ಎದೆಯ ಕಡೆಯ ತುದಿ ಇಪ್ಪತ್ತರ ವಯಸ್ಸು ದಾಟಿದ ಮೇಲೆ, ಎಲ್ಲದಕ್ಕಿಂತ ಕೊನೆಯಲ್ಲಿ ಬೆಸೆಯುತ್ತದೆ.

ಫಲಕ ಮುಚ್ಚಿದ ಮೇಲೆ ಮೂಳೆ ಸುಮ್ಮನಿರುವುದಿಲ್ಲ, ಮತ್ತು ನಿಮ್ಮ ಪಾಠದಲ್ಲಿ ಇದಕ್ಕೆ ಇನ್ನೂ ಹೆಚ್ಚು ಜಾಗ ಸಿಗಬೇಕಿತ್ತು ಎಂದು ನಾನು ನಂಬಿದ್ದೇನೆ. ವಯಸ್ಕರ ಅಸ್ಥಿಪಂಜರದ ಸುಮಾರು ಶೇ. 10ರಷ್ಟು ಭಾಗ ಪ್ರತಿ ವರ್ಷ ಕರಗಿ ಹೊಸದಾಗಿ ಕಟ್ಟಲ್ಪಡುತ್ತದೆ. ಯಾವ ಭಾಗಕ್ಕೆ ಹೆಚ್ಚು ಭಾರ ಬೀಳುತ್ತದೆಯೋ ಅಲ್ಲಿ ಹೆಚ್ಚು ಮೂಳೆ ಸೇರುತ್ತದೆ. ಬಾಲ್ಯದಿಂದ ಟೆನಿಸ್ ಆಡಿದವರ ಬ್ಯಾಟು ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪವಾಗಿರುತ್ತದೆ, ಬಾಹ್ಯಾಕಾಶದಲ್ಲಿ ತೂಕದ ಅನುಭವವಿಲ್ಲದೆ ತಿಂಗಳುಗಟ್ಟಲೆ ಇದ್ದವರ ಸೊಂಟ ಮತ್ತು ಕಾಲಿನ ಮೂಳೆಗಳು ಖನಿಜವನ್ನು ಕಳೆದುಕೊಳ್ಳುತ್ತವೆ. ಮುರಿದ ಮೂಳೆ ಕೂಡಿಕೊಂಡು, ಕೆಲವು ವರ್ಷಗಳಲ್ಲಿ ಮುರಿತದ ಗುರುತೇ ಸಿಗದಂತಾಗುವುದೂ ಈ ಕರಗಿಸಿ ಕಟ್ಟುವ ಕೆಲಸದಿಂದ.

ಉತ್ತರ 5 – ಬೇರುಬಿಳಲು

ಮರದ ಕಡೆಯ ಉತ್ತರವನ್ನು ನಾನು ಸೇರಿಸುತ್ತೇನೆ. ಸಸ್ಯದ ಎಲ್ಲ ಭಾಗಗಳೂ ಮಿತಿಯಿಲ್ಲದೆ ಬೆಳೆಯುತ್ತವೆ ಎಂಬ ಭಾವನೆಯನ್ನು ಮೊದಲು ಬಿಡಬೇಕು. ಒಂದು ಎಲೆ ತನ್ನ ಜಾತಿಗೆ ತಕ್ಕ ಗಾತ್ರಕ್ಕೆ ಬಂದು ನಿಲ್ಲುತ್ತದೆ. ಕಾಂಡದ ತುದಿಯ ವರ್ಧನ ಅಂಗಾಂಶ ಹೂವಾಗಿ ಮಾರ್ಪಟ್ಟರೆ ಅದು ದಳ, ಕೇಸರ, ಅಂಡಾಶಯಗಳನ್ನು ರೂಪಿಸುವುದರಲ್ಲಿಯೇ ವೆಚ್ಚವಾಗಿ ಮುಗಿದುಹೋಗುತ್ತದೆ. ಸೂರ್ಯಕಾಂತಿಯ ಮುಖ್ಯ ಕಾಂಡ ಹೂವಿನ ತಲೆ ಮೂಡಿದ ನಂತರ ಹೊಸ ಎಲೆಗಳನ್ನು ಬಿಡದಿರುವುದು ಇದರಿಂದ. ಹಾಗಾಗಿ ಸಸ್ಯದಲ್ಲಿಯೂ ಮುಚ್ಚುವಿಕೆ ಇದೆ. ಆದರೆ ಮರಕ್ಕೆ ಒಂದೇ ತುದಿ ಇರುವುದಿಲ್ಲ, ಸಾವಿರಾರು ಮೊಗ್ಗುಗಳಿರುತ್ತವೆ. ಒಂದು ಮುಗಿದರೆ ಪಕ್ಕದ್ದು ಮುಂದುವರಿಯುತ್ತದೆ. ಜೊತೆಗೆ ಪ್ರತಿ ತುದಿಯಲ್ಲಿಯೂ ತನ್ನನ್ನು ತಾನೇ ಮತ್ತೆ ಮತ್ತೆ ತುಂಬಿಕೊಳ್ಳುವ ಮೂಲಕೋಶಗಳ ಚಿಕ್ಕ ಗುಂಪಿದ್ದು, ಅದು ಫಲಕದ ಮೀಸಲು ಕೋಶಗಳಂತೆ ಒಂದು ವಯಸ್ಸಿಗೆ ತೀರಿಹೋಗುವಂತಹದಲ್ಲ. ಕ್ಯಾಲಿಫೋರ್ನಿಯದ ಬ್ರಿಸಲ್‌ಕೋನ್ ಪೈನ್ ಮರಗಳಲ್ಲಿ 4,800 ವರ್ಷಗಳಿಗೂ ಹೆಚ್ಚು ವಯಸ್ಸಿನವು ಇಂದಿಗೂ ಹೊಸ ಸೂಜಿ ಎಲೆಗಳನ್ನು ಬಿಡುತ್ತಿವೆ.

ಇದಕ್ಕೆ ಜೀವನಕ್ರಮದ ಕಾರಣವೂ ಇದೆ. ಪ್ರಾಣಿ ಓಡಾಡಬೇಕು, ಅದರ ಪ್ರತಿ ಮೂಳೆಯೂ ಕೀಲು, ಸ್ನಾಯು, ಸ್ನಾಯುರಜ್ಜುಗಳೊಂದಿಗೆ ಅಳತೆ ತಪ್ಪದೆ ಹೊಂದಿಕೊಂಡಿರಬೇಕು, ಆದ್ದರಿಂದ ಒಂದು ಹಂತದಲ್ಲಿ ಗಾತ್ರ ನಿಲ್ಲುವುದೇ ಅದಕ್ಕೆ ಅನುಕೂಲ. ಮರ ನಿಂತಲ್ಲಿಯೇ ನಿಂತು ಬೆಳಕು ಮತ್ತು ನೀರಿನ ಕಡೆಗೆ ಚಾಚಬೇಕು. ಬೆಳವಣಿಗೆಯೇ ಅದರ ಚಲನೆ. ಹಾಗೆಂದು ಅದರ ಎತ್ತರಕ್ಕೂ ಮಿತಿಯಿಲ್ಲದಿಲ್ಲ. ಅತಿ ಎತ್ತರದ ರೆಡ್‌ವುಡ್ ಮರ 115 ಮೀಟರ್ ದಾಟಿದೆ. ನೀರನ್ನು ಅಷ್ಟು ಮೇಲಕ್ಕೆ ಎಳೆಯುವ ಕಷ್ಟವನ್ನು ಲೆಕ್ಕ ಹಾಕಿದ ಸಂಶೋಧಕರು 2004ರಲ್ಲಿ ಮರದ ಗರಿಷ್ಠ ಎತ್ತರ 122ರಿಂದ 130 ಮೀಟರ್‌ಗಳ ನಡುವೆ ಇರಬಹುದೆಂದು ಅಂದಾಜು ಮಾಡಿದರು. ತುದಿಯಲ್ಲಿ ವಿಭಜನೆಯ ಶಕ್ತಿ ಉಳಿದಿರುತ್ತದೆ, ಆದರೆ ಕೋಶಗಳನ್ನು ಹಿಗ್ಗಿಸುವಷ್ಟು ನೀರಿನ ಒತ್ತಡ ಅಲ್ಲಿ ಸಿಗುವುದಿಲ್ಲ. ಮೊದಲ ಉತ್ತರದಲ್ಲಿ ವಿಭಜನೆಯನ್ನೂ ಹಿಗ್ಗುವಿಕೆಯನ್ನೂ ಬೇರೆಯಾಗಿ ನೋಡಬೇಕೆಂದು ಒತ್ತಿ ಹೇಳಿದ್ದು ಇಂತಹ ಸಂದರ್ಭಗಳಿಗಾಗಿ.

ಗಾಯದ ವಿಷಯದಲ್ಲಿಯೂ ವ್ಯತ್ಯಾಸವಿದೆ. ಮೂಳೆ ತನ್ನ ಮುರಿತವನ್ನು ದುರಸ್ತಿ ಮಾಡಿಕೊಳ್ಳುತ್ತದೆ. ಮರ ಗಾಯಗೊಂಡ ಕಟ್ಟಿಗೆಯನ್ನು ದುರಸ್ತಿ ಮಾಡುವುದಿಲ್ಲ. ಅದರ ಸುತ್ತ ರಾಸಾಯನಿಕ ತಡೆಗಳನ್ನು ನಿರ್ಮಿಸಿ ಕೊಳೆಯುವಿಕೆ ಹರಡದಂತೆ ಮಾಡುತ್ತದೆ, ಕ್ಯಾಂಬಿಯಂ ಅಂಚುಗಳಿಂದ ಹೊಸ ಕಟ್ಟಿಗೆಯನ್ನು ಬೆಳೆಸಿ ಗಾಯವನ್ನು ಮುಚ್ಚುತ್ತದೆ. ಹಳೆಯ ಗಾಯ ಒಳಗೆ ಹಾಗೆಯೇ ಉಳಿಯುತ್ತದೆ.

ಚಿಗುರು

ಈಗ ಪೂರ್ಣವಾಗಿ ಅರ್ಥವಾಯಿತು. ಇದನ್ನು ನನ್ನ ಕಣ್ಣಿನಿಂದಲೇ ನೋಡಬಹುದಾದ ಒಂದು ಚಟುವಟಿಕೆಯನ್ನು ತರಗತಿಯಲ್ಲಿ ಮಾಡಿ ತೋರಿಸಬೇಕೆಂದಿದ್ದೇನೆ. ಮೂಳೆಯಲ್ಲಿ ರಂಧ್ರ ಕೊರೆಯುವುದಂತೂ ಸಾಧ್ಯವಿಲ್ಲ, ಕೊರೆಯಲೂಬಾರದು. ಬೇರಿನಲ್ಲಿ ಮಾಡಬಹುದೇ?

ಉತ್ತರ 6 – ಬೇರುಬಿಳಲು

ಖಂಡಿತವಾಗಿ ಮಾಡಬಹುದು. 19ನೆಯ ಶತಮಾನದಲ್ಲಿ ಜರ್ಮನಿಯ ಜೂಲಿಯಸ್ ಫಾನ್ ಜಾಕ್ಸ್ ಇದೇ ವಿಧಾನದಿಂದ ಬೇರಿನ ಬೆಳವಣಿಗೆಯನ್ನು ಅಳೆದಿದ್ದರು. ದೊಡ್ಡ ಗಾತ್ರದ ಹುರುಳಿಕಾಯಿ ಬೀಜಗಳನ್ನು ನೆನೆಸಿ, ಒದ್ದೆಯಾದ ಕಾಗದದ ನಡುವೆ ಮೊಳೆಯಿಸಿ, ಬೇರು ಸುಮಾರು ಎರಡು ಸೆಂಟಿಮೀಟರ್ ಉದ್ದವಾದಾಗ ನೇರವಾಗಿರುವವುಗಳನ್ನು ಮಾತ್ರ ಆರಿಸಿಕೊಳ್ಳಿ. ಬೇರಿನ ಮೇಲ್ಮೈಯ ನೀರನ್ನು ಮೆಲ್ಲಗೆ ಒತ್ತಿ ತೆಗೆದು, ನೀರಿನಲ್ಲಿ ಕರಗದ ಶಾಯಿಯಲ್ಲಿ ಅದ್ದಿದ ದಾರದಿಂದ ತುದಿಯಿಂದ ಆರಂಭಿಸಿ ಒಂದೊಂದು ಮಿಲಿಮೀಟರಿಗೆ ಒಂದರಂತೆ ಹತ್ತು ಗೆರೆಗಳನ್ನು ಹಾಕಿ. ಗೆರೆ ಹಾಕುವಾಗ ಒತ್ತಿದರೆ ಕೋಶಗಳು ನಜ್ಜುಗುಜ್ಜಾಗಿ ಆ ಬೇರು ಬೆಳೆಯುವುದೇ ಇಲ್ಲ, ಆದ್ದರಿಂದ ಹತ್ತಾರು ಬೀಜಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ನಂತರ ಬೀಜಗಳನ್ನು ಬೇರಿನ ತುದಿ ಕೆಳಮುಖವಾಗಿರುವಂತೆ ಒದ್ದೆ ಹತ್ತಿಯ ಮೇಲೆ ನಿಲ್ಲಿಸಿ, ಗಾಜಿನ ಪಾತ್ರೆಯಲ್ಲಿ ಮುಚ್ಚಿ, ಕತ್ತಲಲ್ಲಿ ಒಂದು ದಿನ ಬಿಡಿ.

ಮರುದಿನ ಅಳೆಯುವಾಗ ಒಟ್ಟು ಉದ್ದವನ್ನು ಮಾತ್ರ ಬರೆಯಬೇಡಿ. ಪ್ರತಿ ಎರಡು ಗೆರೆಗಳ ನಡುವಿನ ಅಂತರವನ್ನೂ ಬೇರೆಬೇರೆಯಾಗಿ ಬರೆದುಕೊಂಡು, ಅಂತರವನ್ನು ಒಂದು ಅಕ್ಷದಲ್ಲಿಯೂ ತುದಿಯಿಂದ ಇರುವ ದೂರವನ್ನು ಇನ್ನೊಂದು ಅಕ್ಷದಲ್ಲಿಯೂ ಇಟ್ಟು ನಕ್ಷೆ ಎಳೆಯಿರಿ. ತುದಿಯ ಹಿಂದಿನ ಕೆಲವು ಮಿಲಿಮೀಟರ್‌ಗಳಲ್ಲಿ ಗೆರೆಗಳು ದೂರ ಸರಿದು ಮಸುಕಾಗಿರುತ್ತವೆ, ಹಿಂದಿನ ಭಾಗದ ಗೆರೆಗಳು ಹಾಕಿದಂತೆಯೇ ಇರುತ್ತವೆ. ತುದಿಯಲ್ಲಿಯೇ ಹಾಕಿದ ಮೊದಲ ಗೆರೆ ಬೇರುಟೋಪಿಯ ಮೇಲಿರುವುದರಿಂದ ಅಳಿಸಿಹೋಗಬಹುದು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮೂಳೆಯ ಭಾಗಕ್ಕೆ ಒಂದು ಮಗುವಿನ ಮತ್ತು ಒಬ್ಬ ವಯಸ್ಕರ ಕೈಯ ಎಕ್ಸ್‌-ರೇ ಚಿತ್ರಗಳನ್ನು ಪುಸ್ತಕದಿಂದ ಆರಿಸಿ ಪಕ್ಕದಲ್ಲಿರಿಸಿ. ಮೃದ್ವಸ್ಥಿಯಲ್ಲಿ ಖನಿಜ ಕಡಿಮೆ ಇರುವುದರಿಂದ ಮಗುವಿನ ಬೆರಳಿನ ಮೂಳೆಗಳ ತುದಿಯ ಬಳಿ ಬೆಳವಣಿಗೆ ಫಲಕ ಕಪ್ಪು ಪಟ್ಟಿಯಾಗಿ, ಖಾಲಿ ಬಿಟ್ಟ ಜಾಗದಂತೆ ಕಾಣುತ್ತದೆ. ವಯಸ್ಕರ ಚಿತ್ರದಲ್ಲಿ ಆ ಪಟ್ಟಿ ಇರುವುದಿಲ್ಲ. ಸಹಪಾಠಿಗಳು ಮೂಳೆ ಅಲ್ಲಿ ಮುರಿದಿದೆಯೇ ಎಂದು ಕೇಳುವುದು ಬಹಳ ಸಾಧ್ಯ, ಆಗ ನಿಮ್ಮ ನಕ್ಷೆಯಲ್ಲಿ ಗೆರೆಗಳು ದೂರ ಸರಿದ ಭಾಗವನ್ನು ತೋರಿಸಿ ವಿವರಣೆಯನ್ನು ಅಲ್ಲಿಂದ ಆರಂಭಿಸಿ.